ನೆರೆ ಬಯಲಿನ ಕಾಡಿಗೆ ಅದರ ನೆರೆಯನ್ನು ಬಿಟ್ಟುಕೊಡಿ: ನದಿಗಳನ್ನು ನಿರ್ವಹಿಸುವವರಿಗೆ ಒಂದು ಬಹಿರಂಗ ಪತ್ರ

ನದಿಗಳ ನೀರನ್ನು ಹಿಡಿಯುವ, ಬಿಡುವ, ಹಂಚುವ ಹೊಣೆ ಹೊತ್ತ ಪ್ರಾಧಿಕಾರಗಳ ಮುಖ್ಯಸ್ಥರಿಗೆ, ಎಂಜಿನಿಯರುಗಳಿಗೆ ಮತ್ತು ಅರಣ್ಯಾಧಿಕಾರಿಗಳಿಗೆ,

ಮಾನ್ಯರೇ,

ಅಣೆಕಟ್ಟೆಯಿಂದ ಯಾವಾಗ ಎಷ್ಟು ನೀರು ಬಿಡಬೇಕು ಎಂಬ ನಿಯಮಾವಳಿ ಪರಿಷ್ಕರಣೆಗೆ ಬಂದಾಗ ಮೇಜಿನ ಸುತ್ತ ನೀರಾವರಿಯವರು, ವಿದ್ಯುತ್ತಿನವರು, ಕುಡಿಯುವ ನೀರಿನವರು, ಪ್ರವಾಹ ನಿಯಂತ್ರಣದವರು ಕುಳಿತಿರುತ್ತಾರೆ. ನದಿ ಉಕ್ಕಿದಾಗ ನೀರು ಹರಡುವ ಇಕ್ಕೆಲಗಳ ನೆರೆ ಬಯಲಿನಲ್ಲಿ ನಿಂತ ಕಾಡಿನ ಪರವಾಗಿ ಮಾತನಾಡುವವರು ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇದ್ದರೂ ‘ಪರಿಸರಕ್ಕೆ ಕನಿಷ್ಠ ಹರಿವು’ ಎಂಬ ಒಂದು ಅಂಕಿಯನ್ನು ಬರೆಸಿಕೊಂಡು ಎದ್ದುಹೋಗುತ್ತಾರೆ. ಆ ಒಂದು ಅಂಕಿ ಆ ಕಾಡನ್ನು ಉಳಿಸಲಾರದು ಎಂಬುದನ್ನು ತಮ್ಮ ಗಮನಕ್ಕೆ ತರಲು, ಮತ್ತು ಏನು ಬರೆದರೆ ಉಳಿದೀತು ಎಂಬುದನ್ನು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನೆರೆ ಬಯಲಿನ ಕಾಡಿಗೆ ವರ್ಷವಿಡೀ ಒಟ್ಟು ಎಷ್ಟು ನೀರು ಸಿಕ್ಕಿತು ಎಂಬುದು ದೊಡ್ಡ ಪ್ರಶ್ನೆಯಲ್ಲ. ನೀರು ಯಾವ ತಿಂಗಳಲ್ಲಿ ಏರುತ್ತದೆ, ಎಷ್ಟು ದಿನ ನಿಲ್ಲುತ್ತದೆ, ಎಷ್ಟು ನಿಧಾನವಾಗಿ ಇಳಿಯುತ್ತದೆ, ಬರುವಾಗ ಎಷ್ಟು ಮಣ್ಣು ಹೊತ್ತು ತರುತ್ತದೆ ಎಂಬುದರ ಮೇಲೆ ಅದರ ಅಳಿವು ಉಳಿವು ನಿಂತಿದೆ. ನೀರು ತುಂಬಿದ ಮಣ್ಣಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಹಾಗಾಗಿ ಮುಳುಗಿದ ಕೆಲವೇ ದಿನಗಳಲ್ಲಿ ಬೇರುಗಳಿಗೆ ಉಸಿರು ಕಟ್ಟುತ್ತದೆ. ಬೇರೆ ಕಡೆಯ ಮರ ಸಾಯುವ ಇಂಥ ಜಾಗದಲ್ಲಿ ನೆರೆ ಬಯಲಿನ ಮರಗಳು ಕಾಂಡದ ಬುಡದಲ್ಲಿ ಹೊಸ ಬೇರು ಬಿಟ್ಟು, ತೊಗಟೆಯ ಸಣ್ಣ ರಂಧ್ರಗಳಿಂದ ಗಾಳಿ ಎಳೆದು, ಬೇರಿನೊಳಗೆ ಟೊಳ್ಳು ಕಣಜಾಲ ಬೆಳೆಸಿ, ಕೆಲವು ಎಲೆಯುದುರಿಸಿ ಬೆಳವಣಿಗೆಯನ್ನೇ ನಿಲ್ಲಿಸಿ ದಿನ ದೂಡುತ್ತವೆ. ಅಮೆಜಾನ್ ನದಿಯ ನಡುಭಾಗದಲ್ಲಿ ನೀರಿನ ಮಟ್ಟ ವರ್ಷಕ್ಕೆ ಸರಾಸರಿ 10 ಮೀಟರಿನಷ್ಟು ಏರಿಳಿಯುತ್ತದೆ, ಅಲ್ಲಿನ ತಗ್ಗಿನ ಮರಗಳು ವರ್ಷದ ಅರ್ಧಕ್ಕೂ ಹೆಚ್ಚು ಕಾಲ ನೀರಿನಲ್ಲಿ ನಿಂತಿರುತ್ತವೆ. ಚಳಿಗಾಲವೇ ಇಲ್ಲದ ಆ ಸೀಮೆಯ ಮರಗಳ ಕಾಂಡದಲ್ಲಿಯೂ ವಾರ್ಷಿಕ ಉಂಗುರ ಮೂಡುವುದು ಇದೇ ಕಾರಣಕ್ಕೆ: ನೆರೆ ಬಂದಾಗ ಬೆಳವಣಿಗೆ ನಿಲ್ಲುತ್ತದೆ, ಇಳಿದಾಗ ಮತ್ತೆ ಶುರುವಾಗುತ್ತದೆ. ನೆರೆ ಏರಿದ ಕಾಲಕ್ಕೆ ಸರಿಯಾಗಿ ಹಲವು ಮರಗಳ ಹಣ್ಣು ಉದುರುತ್ತವೆ. ತಂಬಾಕಿಯಂಥ ದೊಡ್ಡ ಮೀನುಗಳು ಕಾಡಿನೊಳಕ್ಕೆ ಈಜಿ ಬಂದು ಆ ಹಣ್ಣು ತಿಂದು ಬೀಜವನ್ನು ದೂರ ದೂರ ಒಯ್ಯುತ್ತವೆ. ನದಿಯ ಈ ಏರಿಳಿತವೇ ಬಯಲಿನ ಇಡೀ ಜೀವಜಾಲವನ್ನು ನಡೆಸುತ್ತದೆ ಎಂಬ ವಿವರಣೆಯನ್ನು ಯುಂಕ್, ಬೇಲಿ ಮತ್ತು ಸ್ಪಾರ್ಕ್ಸ್ ಎಂಬ ಮೂವರು ವಿಜ್ಞಾನಿಗಳು 1989ರಲ್ಲಿಯೇ ಮಂಡಿಸಿದರು. ಅದು ಪಠ್ಯಪುಸ್ತಕ ಸೇರಿ ಬಹಳ ಕಾಲವಾಯಿತು, ಅಣೆಕಟ್ಟುಗಳ ನಿಯಮಾವಳಿಯನ್ನು ಮಾತ್ರ ಇನ್ನೂ ಸರಿಯಾಗಿ ಸೇರಿಲ್ಲ.

ನದಿ ತಾನಾಗಿ ಈ ಕಾಡಿಗೆ ಮಾಡುವ ಹಾನಿಯನ್ನು ನಾನು ಮರೆಮಾಚುವುದಿಲ್ಲ. ತಿರುವಿನ ಹೊರದಂಡೆಯನ್ನು ಕೊರೆದು ನೂರಾರು ವರ್ಷದ ಮರಗಳನ್ನು ಬುಡಸಹಿತ ಉರುಳಿಸುವುದು ಅದರ ನಿತ್ಯದ ಕೆಲಸ. ಬಳುಕುತ್ತ ಬಳುಕುತ್ತ ಒಂದು ದಿನ ತನ್ನ ತಿರುವನ್ನೇ ಕಡಿದುಕೊಂಡು ನೇರ ದಾರಿ ಹಿಡಿಯುತ್ತದೆ, ಹಳೆಯ ಪಾತ್ರ ಮಡುವಾಗಿ ಹೂಳು ತುಂಬಿ ಜವುಗಾಗುತ್ತದೆ. ಬರ ಬಂದರೆ ಅಂಚಿನ ಮರಗಳು ಒಣಗುತ್ತವೆ. ಭೂಮಿ ಅಲುಗಿದರೆ ನದಿಯ ದಾರಿಯೇ ಬದಲಾಗುತ್ತದೆ: ಆಸ್ಟ್ರೇಲಿಯಾದ ಮರ್ರೆ ನದಿಗೆ ಅಡ್ಡಲಾಗಿ ಬಹಳ ಹಿಂದೆ ಕ್ಯಾಡೆಲ್ ಸ್ತರಭಂಗ ಎಂಬ ಭೂಮಿಯ ಬಿರುಕಿನ ಉದ್ದಕ್ಕೂ ನೆಲ ಎದ್ದು ನಿಂತಿತು, ನದಿ ಅದನ್ನು ಬಳಸಿ ಹೋಗಬೇಕಾಯಿತು, ಆ ತಡೆಯ ಹಿಂದೆ ನೀರು ಹರಡಿದ ತಗ್ಗಿನಲ್ಲಿ ಬಾರ್ಮಾ ಮಿಲೆವಾ ಕಾಡು ಬೆಳೆಯಿತು. ರೆಡ್ ಗಮ್ ಎಂಬ ನೀಲಗಿರಿ ಜಾತಿಯ ಮರಗಳ, ಜಗತ್ತಿನಲ್ಲಿಯೇ ಅತಿ ದೊಡ್ಡ ಕಾಡು ಅದು. ಒಂದು ಭೂಚಲನೆ ಒಂದು ಕಡೆಯ ನದಿಯನ್ನು ಕಸಿದು ಇನ್ನೊಂದು ಕಡೆ ಕಾಡು ಕೊಟ್ಟಿತು.

ಈ ಕೊಡುಕೊಳೆಯೇ ಇಲ್ಲಿನ ಮುಖ್ಯ ಸಂಗತಿ. ಹೊರದಂಡೆಯಲ್ಲಿ ಕೊರೆದ ಮಣ್ಣನ್ನು ನದಿ ಕೆಳಗಿನ ತಿರುವಿನ ಒಳದಂಡೆಯಲ್ಲಿ ಮರಳುದಿಬ್ಬವಾಗಿ ಹಾಕುತ್ತದೆ. ಆ ಬತ್ತಲೆ ಮರಳಿನ ಮೇಲೆ ಮೊದಲು ವಿಲ್ಲೋ, ಪಾಪ್ಲರ್‌ನಂಥ ಬಿಸಿಲು ಬೇಡುವ ಮೆದುಮರಗಳು ಏಳುತ್ತವೆ. ಅವು ಹೂಳನ್ನು ತಡೆದು ನೆಲವನ್ನು ಎತ್ತರಿಸಿದ ಮೇಲೆ, ಅವುಗಳ ನೆರಳಿನಲ್ಲಿ ಓಕ್, ಎಲ್ಮ್, ಆಷ್‌ಗಳಂಥ ಗಟ್ಟಿಮರಗಳು ಬರುತ್ತವೆ. ಹೀಗೆ ಒಂದೇ ಬಯಲಿನಲ್ಲಿ ಎಳೆಯ ಕಾಡು, ನಡುವಯಸ್ಸಿನ ಕಾಡು, ಮುದಿ ಕಾಡು ಅಕ್ಕಪಕ್ಕದಲ್ಲಿ ಇರುತ್ತವೆ. 1986ರಲ್ಲಿ ಪೆರು ದೇಶದ ಅಮೆಜಾನ್ ಸೀಮೆಯನ್ನು ಉಪಗ್ರಹ ಚಿತ್ರಗಳಲ್ಲಿ ಅಳೆದವರು ಅಲ್ಲಿನ ತಗ್ಗುನಾಡಿನ ಕಾಡಿನ ಕಾಲುಭಾಗಕ್ಕೂ ಹೆಚ್ಚು, ಅಂದರೆ ಶೇ. 26.6ರಷ್ಟು, ನದಿ ಇತ್ತೀಚೆಗೆ ಕೊರೆದು ಕಟ್ಟಿದ ನೆಲದ ಗುರುತು ಹೊತ್ತಿದೆ ಎಂದು ಕಂಡುಕೊಂಡರು. ಅಂದರೆ ಅಷ್ಟು ಅಗಾಧವಾದ ಕಾಡಿನ ವೈವಿಧ್ಯದ ಹಿಂದೆಯೂ ನದಿಯ ಈ ಚಂಚಲತೆಯ ಕೈವಾಡವಿದೆ. ಜಮಾ ಖರ್ಚಿನ ಭಾಷೆಯಲ್ಲಿ ಹೇಳುವುದಾದರೆ, ನೈಸರ್ಗಿಕ ಬದಲಾವಣೆಯಲ್ಲಿ ಖರ್ಚು ಎಷ್ಟೇ ಭಾರಿಯಾಗಿದ್ದರೂ ಎದುರು ಪುಟದಲ್ಲಿ ಜಮೆ ಇರುತ್ತದೆ. ನಮ್ಮ ಕಾಮಗಾರಿಗಳು ಮಾಡಿದ್ದು ಆ ಜಮೆಯ ಪುಟವನ್ನು ಮುಚ್ಚಿದ್ದು.

ಇದು ಹೇಗೆ ನಡೆಯುತ್ತದೆ ಎಂಬುದನ್ನು ನೋಡಲು ಒಂದು ಬೀಜದ ಹತ್ತಿರಕ್ಕೆ ಹೋಗಬೇಕು. ಉತ್ತರ ಅಮೆರಿಕದ ಒಣನಾಡುಗಳ ನದಿಗಳ ಪಕ್ಕ ಕಾಟನ್‌ವುಡ್ ಎಂಬ ಪಾಪ್ಲರ್ ಜಾತಿಯ ಮರ ಬೆಳೆಯುತ್ತದೆ. ಪರ್ವತದ ಹಿಮ ಕರಗಿ ನದಿ ಉಕ್ಕಿ, ಇನ್ನೇನು ಇಳಿಯತೊಡಗುವ ಬೇಸಿಗೆಯ ಆರಂಭಕ್ಕೆ ಸರಿಯಾಗಿ ಈ ಮರ ಲಕ್ಷಗಟ್ಟಲೆ ಬೀಜಗಳನ್ನು ಬಿಳಿ ಅರಳೆಯ ಜೊತೆ ಗಾಳಿಗೆ ಬಿಡುತ್ತದೆ. ಎಳ್ಳಿಗಿಂತ ಚಿಕ್ಕದಾದ ಆ ಬೀಜದಲ್ಲಿ ಕೂಡಿಟ್ಟ ಆಹಾರ ಇಲ್ಲವೆನ್ನುವಷ್ಟು ಕಡಿಮೆ, ಅದರ ಜೀವ ಒಂದೆರಡು ವಾರದ್ದು. ನೆರೆ ಆಗಷ್ಟೇ ಬಿಟ್ಟುಹೋದ, ಹುಲ್ಲಿಲ್ಲದ, ನೆರಳಿಲ್ಲದ ಒದ್ದೆ ಮರಳಿನ ಮೇಲೆ ಬಿದ್ದರೆ ಒಂದೆರಡು ದಿನದಲ್ಲಿ ಮೊಳೆಯುತ್ತದೆ. ತೀರಾ ತಗ್ಗಿನಲ್ಲಿ ಬಿದ್ದರೆ ಮುಂದಿನ ನೆರೆ ಅಥವಾ ಮಂಜುಗಡ್ಡೆ ಅದನ್ನು ಕಿತ್ತೊಯ್ಯುತ್ತದೆ, ತೀರಾ ಎತ್ತರದಲ್ಲಿ ಬಿದ್ದರೆ ಬಾಯಾರಿ ಸಾಯುತ್ತದೆ. ನಡುವಿನ ಒಂದು ಕಿರುಪಟ್ಟಿಯಲ್ಲಿ ಬಿದ್ದುದು ಮಾತ್ರ ಬದುಕಲು ಯತ್ನಿಸಬಹುದು, ಅದೂ ಒಂದು ಷರತ್ತಿನ ಮೇಲೆ: ನದಿ ಇಳಿಯುತ್ತ ಹೋದಂತೆ ಮರಳಿನೊಳಗಿನ ತೇವವೂ ಕೆಳಕ್ಕೆ ಹೋಗುತ್ತದೆ, ಆ ತೇವವನ್ನು ಎಳೆ ಬೇರು ಬೆನ್ನಟ್ಟಿ ಹಿಡಿಯಬೇಕು. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ನದಿಗಳಲ್ಲಿ ದುಡಿದ ಮಹೋನಿ ಮತ್ತು ರೂಡ್ 1998ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ನೀರು ದಿನಕ್ಕೆ ಸುಮಾರು 2.5 ಸೆಂಟಿಮೀಟರಿಗಿಂತ ವೇಗವಾಗಿ ಇಳಿದರೆ ಸಸಿಗಳು ಉಳಿಯುವುದು ಕಷ್ಟ.

ಈಗ ಅಣೆಕಟ್ಟೆಯ ನಿಯಂತ್ರಣ ಕೊಠಡಿಗೆ ಬನ್ನಿ. ಉಕ್ಕುವ ನೀರನ್ನು ಜಲಾಶಯಕ್ಕೆ ತುಂಬಿಕೊಂಡ ಮೇಲೆ ಗೇಟನ್ನು ಇಳಿಸಿದರೆ ಕೆಳಗಿನ ನದಿ ಒಂದೇ ರಾತ್ರಿಯಲ್ಲಿ ಒಂದು ಅಡಿ ಇಳಿಯಬಹುದು. ಕಾಗದದ ಮೇಲೆ ಯಾವ ನಿಯಮವೂ ಮುರಿದಿಲ್ಲ, ಕನಿಷ್ಠ ಹರಿವು ನಿಯಮದಂತೆಯೇ ಇದೆ. ಆ ವರ್ಷದ ಸಸಿಗಳೆಲ್ಲ ಮಾತ್ರ ಆ ಒಂದು ರಾತ್ರಿಗೆ ಮುಗಿದವು. ಹಳೆಯ ಮರಗಳಿಗೆ ಏನೂ ಆಗದ ಕಾರಣ ಕಾಡು ಹಸಿರಾಗಿಯೇ ಕಾಣುತ್ತದೆ, ಯಾವ ಉಪಗ್ರಹ ಚಿತ್ರದಲ್ಲಿಯೂ ನಷ್ಟ ದಾಖಲಾಗುವುದಿಲ್ಲ. ಹೀಗೆ ಐವತ್ತು ವರ್ಷ ನಡೆದರೆ ಅಜ್ಜಂದಿರು ಮಾತ್ರ ಉಳಿದು ಮೊಮ್ಮಕ್ಕಳಿಲ್ಲದ ಕಾಡಾಗುತ್ತದೆ. ಕಾಡಿನ ವಿಸ್ತೀರ್ಣವನ್ನು ಹೆಕ್ಟೇರಿನಲ್ಲಿ ತೋರಿಸಿ ‘ಯಥಾಸ್ಥಿತಿ ಇದೆ’ ಎಂದು ಬರೆಯುವ ವರದಿಗಳ ಬಗ್ಗೆ ನನಗಿರುವ ತಕರಾರು ಇದೇ.

ಮಿಸೌರಿ ನದಿಯ ಕಥೆ ಇದಕ್ಕೊಂದು ಮುಂದಿನ ಅಧ್ಯಾಯವನ್ನೂ ಸೇರಿಸುತ್ತದೆ. ಅಮೆರಿಕದ ನಾರ್ತ್ ಡಕೋಟಾದಲ್ಲಿ 1953ರಲ್ಲಿ ಗ್ಯಾರಿಸನ್ ಅಣೆಕಟ್ಟು ನೀರು ಹಿಡಿಯತೊಡಗಿದ ಮೇಲೆ ಅದರ ಕೆಳಗಿನ ನದಿ ಬಳುಕುವುದನ್ನು ಬಹುಮಟ್ಟಿಗೆ ನಿಲ್ಲಿಸಿತು. ಹೊಸ ಮರಳುದಿಬ್ಬಗಳಿಲ್ಲ, ಆದ್ದರಿಂದ ಹೊಸ ಕಾಟನ್‌ವುಡ್ ಇಲ್ಲ. ಹಳೆಯ ಕಾಟನ್‌ವುಡ್‌ಗಳ ಕೆಳಗೆ ನೆರಳು ಸಹಿಸುವ ಗ್ರೀನ್ ಆಷ್ ಬೆಳೆದು ಮುಂದೆ ಆ ಬಯಲು ಆಷ್ ಕಾಡಾಗಲಿದೆ ಎಂದು 1970ರ ದಶಕದಲ್ಲಿಯೇ ಅಧ್ಯಯನ ಮಾಡಿದವರು ಮುಂಗಂಡಿದ್ದರು. ಆಗ ಅವರಿಗೆ ಗೊತ್ತಿರಲು ಸಾಧ್ಯವಿಲ್ಲದ ಒಂದು ಸಂಗತಿ 2002ರಲ್ಲಿ ಮಿಷಿಗನ್‌ನಲ್ಲಿ ಹೊರಬಿತ್ತು: ಏಷ್ಯಾದಿಂದ ಸರಕಿನ ಮರದ ಪೆಟ್ಟಿಗೆಗಳೊಂದಿಗೆ ಬಂದಿರಬಹುದಾದ, ಆಷ್ ಮರದ ತೊಗಟೆಯಡಿ ಸುರಂಗ ತೋಡಿ ಅದನ್ನು ಕೊಲ್ಲುವ ಪಚ್ಚೆ ಬಣ್ಣದ ದುಂಬಿ. ಅಂದಿನಿಂದ ಅದು ಕೋಟಿಗಟ್ಟಲೆ ಆಷ್ ಮರಗಳನ್ನು ಕೊಂದು ಪಶ್ಚಿಮಕ್ಕೆ ಸಾಗುತ್ತಲೇ ಇದೆ. ಕಾಟನ್‌ವುಡ್ ಹುಟ್ಟುವುದಿಲ್ಲ, ಎಲ್ಮ್ ಆಗಲೇ ಡಚ್ ಎಲ್ಮ್ ರೋಗಕ್ಕೆ ತುತ್ತಾಗಿದೆ, ಉಳಿದ ಆಷ್‌ಗೆ ದುಂಬಿ ಕಾದಿದೆ. ಯೂರೋಪಿನಲ್ಲಿ ಆಷ್ ಮರವನ್ನು ಪೂರ್ವ ಏಷ್ಯಾ ಮೂಲದ ಒಂದು ಶಿಲೀಂಧ್ರ ಕೊಲ್ಲುತ್ತಿದೆ. 1990ರ ದಶಕದ ಆರಂಭದಲ್ಲಿ ಪೋಲೆಂಡಿನಲ್ಲಿ ಕಾಣಿಸಿದ ಆ ರೋಗ ಈಗ ಖಂಡದುದ್ದಕ್ಕೂ ಹರಡಿದೆ. ಅಣೆಕಟ್ಟಿಗೂ ದುಂಬಿಗೂ ನೇರ ಸಂಬಂಧವಿಲ್ಲ, ನಿಜ. ಆದರೆ ಹತ್ತು ಜಾತಿಗಳಿಗೆ ಜಾಗ ಕೊಡುತ್ತಿದ್ದ ಬಯಲನ್ನು ಒಂದೆರಡು ಜಾತಿಯ ಮೇಲೆ ನಿಲ್ಲಿಸಿದ್ದು ಅಣೆಕಟ್ಟು. ಮುಂದೆ ಬರುವ ಯಾವ ಪೆಟ್ಟಾದರೂ ಅಲ್ಲಿ ದೊಡ್ಡದಾಗಿಯೇ ಬೀಳುತ್ತದೆ.

ನೆರೆ ತಪ್ಪುವುದೇ ಸಮಸ್ಯೆಯಾದರೆ ನೀರು ಹೆಚ್ಚು ಬಿಟ್ಟರೆ ಆಯಿತಲ್ಲ ಎಂದು ತಾವು ಕೇಳಬಹುದು. ಅದಕ್ಕೆ ಉತ್ತರ ಬ್ರೆಜಿಲ್‌ನ ಉಅಟುಮಾ ನದಿಯಲ್ಲಿದೆ. ಅಲ್ಲಿ 1987ರಲ್ಲಿ ನೀರು ಹಿಡಿಯತೊಡಗಿದ ಬಾಲ್ಬಿನಾ ಅಣೆಕಟ್ಟು ಸುಮಾರು 2,400 ಚದರ ಕಿಲೋಮೀಟರ್ ಕಾಡನ್ನು ಮುಳುಗಿಸಿತು, ಅದರ ಸ್ಥಾಪಿತ ವಿದ್ಯುತ್ ಸಾಮರ್ಥ್ಯ 250 ಮೆಗಾವಾಟ್. ಈ ಅಂಕಿಗಳ ಹೋಲಿಕೆ ಅನೇಕ ಸಲ ಚರ್ಚೆಗೆ ಬಂದಿದೆ, ಆದರೆ ಅಣೆಕಟ್ಟೆಯ ಕೆಳಗೆ ನಡೆದದ್ದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ವಿದ್ಯುತ್ತಿಗಾಗಿ ವರ್ಷವಿಡೀ ಒಂದೇ ಸಮನೆ ನೀರು ಬಿಟ್ಟ ಕಾರಣ ಬೇಸಿಗೆಯಲ್ಲಿ ನದಿ ಮೊದಲಿನಷ್ಟು ಇಳಿಯಲಿಲ್ಲ, ಮಳೆಗಾಲದಲ್ಲಿ ಮೊದಲಿನಷ್ಟು ಏರಲಿಲ್ಲ. ತಗ್ಗಿನಲ್ಲಿದ್ದ ಮರಗಳಿಗೆ ವರ್ಷಕ್ಕೊಮ್ಮೆ ಸಿಗುತ್ತಿದ್ದ ಒಣ ದಿನಗಳು ತಪ್ಪಿಹೋದವು. ನೀರಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ತಾಕತ್ತಿನ ಮಕಾಕರೆಕುಯಾ, ಅರಪರಿ ಮರಗಳು, ಅವುಗಳಲ್ಲಿ ಶತಮಾನಗಳಷ್ಟು ಹಳೆಯವೂ ಇದ್ದವು, ಹಲವು ವರ್ಷ ಸತತವಾಗಿ ನೀರಿನಲ್ಲಿ ನಿಂತು ಸತ್ತವು. ಅಣೆಕಟ್ಟೆಯಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಕೆಳಗೂ ಸತ್ತ ಮರಗಳ ಸಾಲುಗಳಿವೆ. ಅದೇ ಹೊತ್ತಿಗೆ ಬಯಲಿನ ಎತ್ತರದ ಭಾಗಗಳಿಗೆ ನೆರೆ ತಲುಪದೆ ಒಣನೆಲದ ಜಾತಿಗಳು ಒಳನುಗ್ಗಿದವು. ಮೇಲಿನ ಪಟ್ಟಿ ನೀರಿಲ್ಲದೆ ಕೆಟ್ಟಿತು, ಕೆಳಗಿನ ಪಟ್ಟಿ ನೀರು ಇಳಿಯದೆ ಕೆಟ್ಟಿತು. ವರ್ಷದ ಒಟ್ಟು ಹರಿವನ್ನು ಕೂಡಿ ನೋಡಿದರೆ ದೊಡ್ಡ ವ್ಯತ್ಯಾಸವೇನೂ ಕಾಣದು.

ಬಾರ್ಮಾ ಮಿಲೆವಾ ಕಾಡಿಗೆ ಮತ್ತೆ ಬರುತ್ತೇನೆ, ಏಕೆಂದರೆ ಅಲ್ಲಿನ ಪಾಠ ಇನ್ನೂ ಸೂಕ್ಷ್ಮವಾದದ್ದು. ಮರ್ರೆ ನದಿ ಸಹಜವಾಗಿ ಚಳಿಗಾಲ ಮತ್ತು ವಸಂತದಲ್ಲಿ ಉಕ್ಕಿ ಬೇಸಿಗೆಯಲ್ಲಿ ಸೊರಗುತ್ತಿತ್ತು. 1936ರಲ್ಲಿ ಪೂರ್ಣಗೊಂಡ ಹ್ಯೂಮ್ ಅಣೆಕಟ್ಟು ವಸಂತದ ನೆರೆಯನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ನೀರಾವರಿಗೆ ಬಿಡುವ ಕೆಲಸ ಮಾಡಿತು. ಈ ಕಾಡಿನ ನಡುವೆ ನದಿಯ ಪಾತ್ರ ಬಹಳ ಕಿರಿದಾಗಿರುವುದರಿಂದ ಬೇಸಿಗೆಯ ಆ ನೀರು ಅಕಾಲದಲ್ಲಿ ಕಾಡಿನ ತಗ್ಗುಗಳಿಗೆ ನುಗ್ಗತೊಡಗಿತು. ಪರಿಣಾಮವಾಗಿ ದೊಡ್ಡ ರೆಡ್ ಗಮ್ ಮರಗಳು ಬೇಕಾದಾಗ ನೀರಿಲ್ಲದೆ ಸೊರಗಿದರೆ, ಒಂದು ಕಾಲಕ್ಕೆ ಆಳವಾದ ವಸಂತದ ನೆರೆಯಿಂದಾಗಿ ಯಾವ ಮರವೂ ಬೇರೂರದಿದ್ದ ಮೊಯ್ರಾ ಹುಲ್ಲಿನ ಬಯಲುಗಳಲ್ಲಿ ರೆಡ್ ಗಮ್ ಸಸಿಗಳು ದಟ್ಟವಾಗಿ ಎದ್ದವು. ಜಲಪಕ್ಷಿಗಳು ಆಶ್ರಯಿಸಿದ್ದ ಆ ಹುಲ್ಲುಗಾವಲು ಬಹುಪಾಲು ಹೋಯಿತು. ಮರ ಹೆಚ್ಚಾಯಿತು ಎಂದು ಸಂತೋಷಪಡುವ ಅರಣ್ಯ ಇಲಾಖೆಗಳು ಇದನ್ನು ಗಮನಿಸಬೇಕು: ನೆರೆ ಬಯಲಿನಲ್ಲಿ ಮರಗಳ ಸಂಖ್ಯೆ ಏರುವುದೂ ಕೆಡುಕಿನ ಲಕ್ಷಣವಾಗಬಹುದು. ಅಲ್ಲಿಗೇ ಮುಗಿಯಲಿಲ್ಲ. 1997ರಿಂದ 2009ರವರೆಗಿನ ದೀರ್ಘ ಬರದಲ್ಲಿ ನೆರೆಯೇ ಬಾರದೆ ಕಾಡಿನ ನೆಲದ ಮೇಲೆ ವರ್ಷಗಳ ತರಗೆಲೆ ರಾಶಿಬಿದ್ದಿತ್ತು. 2010ರ ಕೊನೆಯಲ್ಲಿ ಬಂದ ಬೆಚ್ಚನೆಯ ಮಹಾನೆರೆ ಅದನ್ನೆಲ್ಲ ಒಮ್ಮೆಗೇ ನೆನೆಸಿತು. ನೀರು ಚಹಾದ ಬಣ್ಣಕ್ಕೆ ತಿರುಗಿತು, ಎಲೆ ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿದವು, ಮೀನುಗಳು ಸತ್ತು ತೇಲಿದವು, ಮರ್ರೆ ನದಿಯ ಸಿಗಡಿಗಳು ಉಸಿರಿಗಾಗಿ ದಂಡೆ ಹತ್ತಿದವು. ಬರವೂ ನೈಸರ್ಗಿಕ, ನೆರೆಯೂ ನೈಸರ್ಗಿಕ. ಆದರೆ ನಡುವೆ ಬಂದುಹೋಗಬೇಕಿದ್ದ ಸಣ್ಣಪುಟ್ಟ ನೆರೆಗಳನ್ನು ದಶಕಗಳಿಂದ ತಡೆದಿಟ್ಟದ್ದು ನೈಸರ್ಗಿಕವಾಗಿರಲಿಲ್ಲ.

ಒಡ್ಡುಗಳ ವಿಚಾರದಲ್ಲಿ ರೈನ್ ನದಿಯನ್ನು ನೋಡಿದರೆ ಸಾಕು. ಯೋಹಾನ್ ಗಾಟ್‌ಫ್ರೀಡ್ ತುಲ್ಲಾ ಎಂಬ ಎಂಜಿನಿಯರರ ಯೋಜನೆಯಂತೆ 1817ರಿಂದ 1876ರವರೆಗೆ ಮೇಲಿನ ರೈನ್‌ನ ತಿರುವುಗಳನ್ನು ಕಡಿದು ನೇರಮಾಡಿ ನದಿಯನ್ನು 81 ಕಿಲೋಮೀಟರ್ ಮೊಟಕುಗೊಳಿಸಲಾಯಿತು. ಮಲೇರಿಯಾ ತಗ್ಗಿತು, ಹೊಲಗಳು ಸಿಕ್ಕವು, ಅದನ್ನು ಅಲ್ಲಗಳೆಯುವಂತಿಲ್ಲ. ನೇರವಾದ ನದಿ ತನ್ನ ತಳವನ್ನೇ ಕೊರೆಯಿತು, ತಳ ಇಳಿದಂತೆ ಬಯಲಿನ ಅಂತರ್ಜಲ ಇಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಬಾಸೆಲ್‌ನಿಂದ ಕೆಳಗೆ ಸಾಲುಸಾಲಾಗಿ ಕಟ್ಟಿದ ಜಲವಿದ್ಯುತ್ ಕಟ್ಟೆಗಳು ಉಳಿದ ನೆರೆ ಬಯಲಿನ ಬಹುಭಾಗವನ್ನು ನದಿಯಿಂದ ಬೇರ್ಪಡಿಸಿದವು. ನೀರು ಹರಡಲು ಜಾಗವಿಲ್ಲದ ಕಾರಣ ನೆರೆಯ ಉಬ್ಬರ ಕೆಳಗಿನ ಊರುಗಳನ್ನು ಮೊದಲಿನ ಅರ್ಧದಷ್ಟೂ ಸಮಯ ತೆಗೆದುಕೊಳ್ಳದೆ ತಲುಪತೊಡಗಿತು. ನಂತರ ಜರ್ಮನಿಯವರು ನೆರೆಯ ನೀರನ್ನು ತಾತ್ಕಾಲಿಕವಾಗಿ ತುಂಬಿಕೊಳ್ಳಲು ಹಳೆಯ ಬಯಲುಗಳನ್ನೇ ಮತ್ತೆ ತೆರೆದಾಗ ಒಂದು ವಿಚಿತ್ರ ತೊಡಕು ಎದುರಾಯಿತು. ನೆರೆಯಿಲ್ಲದ ದಶಕಗಳಲ್ಲಿ ಅಲ್ಲಿ ಬೀಚ್, ಮೇಪಲ್, ಚೆರ್ರಿಯಂಥ ನೀರು ಸಹಿಸದ ಮರಗಳು ಬೆಳೆದಿದ್ದವು. ಒಮ್ಮೆಗೇ ಮುಳುಗಿಸಿದರೆ ಅವು ಸಾಯುತ್ತವೆ. ಹಾಗಾಗಿ ಪ್ರವಾಹವಿಲ್ಲದ ವರ್ಷಗಳಲ್ಲಿಯೂ ಆಗಾಗ ಅಲ್ಪಸ್ವಲ್ಪ ನೀರು ಹಾಯಿಸಿ ಕಾಡಿಗೆ ನೆರೆಯ ಅಭ್ಯಾಸ ಮಾಡಿಸುವ ‘ಪರಿಸರ ನೆರೆ’ ಎಂಬ ಕ್ರಮವನ್ನು ಅವರು ರೂಪಿಸಿದರು. ನದಿ ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಗೇಟು, ಕಾಲುವೆ, ಕಾವಲುಗಾರ, ಬಜೆಟ್ಟು ಎಲ್ಲ ಬೇಕಾಯಿತು.

ಮರಳು ಮತ್ತು ಜಲ್ಲಿ ಎತ್ತುವುದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಪರಿಣಾಮ ಒಂದೇ: ಮೇಲೆ ಅಣೆಕಟ್ಟು ಹೂಳು ತಡೆಯುತ್ತದೆ, ಕೆಳಗೆ ಯಂತ್ರಗಳು ಇದ್ದ ಮರಳನ್ನೂ ತೆಗೆಯುತ್ತವೆ, ನದಿಯ ತಳ ಕುಸಿಯುತ್ತದೆ, ದಂಡೆಯ ಮರದ ಬೇರಿಗೆ ಅಂತರ್ಜಲ ನಿಲುಕದಾಗುತ್ತದೆ. ಇನ್ನು, ಹೊರಗಿನಿಂದ ಬಂದ ಗಿಡಗಳನ್ನು ಎಲ್ಲ ಕೇಡಿಗೂ ಹೊಣೆ ಮಾಡುವ ರೂಢಿಯೊಂದಿದೆ. ಅಮೆರಿಕದ ನೈರುತ್ಯ ಭಾಗದಲ್ಲಿ ಟಮರಿಸ್ಕ್ ಎಂಬ ಹೊರನಾಡಿನ ಪೊದೆ ಕಾಟನ್‌ವುಡ್ ಜಾಗವನ್ನು ಆಕ್ರಮಿಸಿತೆಂದು ಅದನ್ನು ಕಿತ್ತರು, ಸುಟ್ಟರು, 2001ರಿಂದ ಅದರ ಎಲೆ ತಿನ್ನುವ ದುಂಬಿಯನ್ನು ತಂದು ಬಿಟ್ಟರು. ಅಷ್ಟರಲ್ಲಿ ಅಳಿವಿನಂಚಿನಲ್ಲಿದ್ದ ಒಂದು ಪುಟ್ಟ ನೊಣಹಿಡುಕ ಹಕ್ಕಿ, ವಿಲ್ಲೋ ಪೊದೆಗಳು ಇಲ್ಲವಾದ ಕಡೆಗಳಲ್ಲಿ, ಅದೇ ಟಮರಿಸ್ಕ್‌ನಲ್ಲಿ ಗೂಡು ಕಟ್ಟಿಕೊಂಡಿತ್ತು. ನೆರೆ ನಿಂತು, ಅಂತರ್ಜಲ ಇಳಿದು, ಮಣ್ಣಿನಲ್ಲಿ ಉಪ್ಪು ಕೂಡಿದ ಮೇಲೆ ಆ ಪೊದೆಗೆ ಅನುಕೂಲವಾಯಿತು ಎಂಬುದನ್ನು ಬಿಟ್ಟು ಪೊದೆಯನ್ನಷ್ಟೇ ತೆಗೆದರೆ ಬತ್ತಲೆ ದಂಡೆ ಉಳಿಯುತ್ತದೆ, ಕಾಟನ್‌ವುಡ್ ತಾನಾಗಿ ಮರಳುವುದಿಲ್ಲ.

ಹವಾಮಾನ ಬದಲಾವಣೆಯ ಮಾತು ಬಂದಾಗ ತಮ್ಮ ಕಚೇರಿಗಳಿಂದ ಬರುವ ಉತ್ತರಗಳಲ್ಲಿ ಒಂದು ಬಗೆಯ ನಿರಾಳ ಭಾವ ನನಗೆ ಕಾಣುತ್ತದೆ. ಕಾರಣ ಆಕಾಶದಲ್ಲಿದೆ ಎಂದಾದರೆ ಗೇಟಿನ ಕೀಲಿ ಹಿಡಿದವರ ಹೊಣೆ ಹಗುರವಾಗುತ್ತದಲ್ಲವೇ? ಏರುಪೇರು ಹೆಚ್ಚುತ್ತಿರುವುದು ಸತ್ಯ. ಮನೌಸ್ ನಗರದಲ್ಲಿ 1902ರಿಂದ ಅಳೆಯುತ್ತಿರುವ ರಿಯೋ ನೆಗ್ರೋ ನದಿ 2021ರಲ್ಲಿ 30 ಮೀಟರ್ ದಾಟಿ ದಾಖಲೆಯ ಎತ್ತರಕ್ಕೇರಿತು, 2023ರಲ್ಲಿ ದಾಖಲೆಯ ತಳಕ್ಕಿಳಿಯಿತು, 2024ರಲ್ಲಿ ಅದಕ್ಕಿಂತಲೂ ಕೆಳಗಿಳಿದು ಸುಮಾರು 12.1 ಮೀಟರಿಗೆ ಬಂತು. ಕಪ್ಪುನೀರಿನ ಆ ಬಯಲುಗಳ ಕಾಡಿನಲ್ಲಿ ನೆಲದ ಮೇಲೆ ಹಾಸಿದ ಬೇರುಜಾಲವೇ ಬರದಲ್ಲಿ ಒಣಗಿ ಉರಿಯುತ್ತದೆ, ಒಮ್ಮೆ ಉರಿದರೆ ಚೇತರಿಸಿಕೊಳ್ಳುವುದು ಅತಿ ನಿಧಾನ. ಕಾಂಬೋಡಿಯಾದ ತೋನ್ಲೆ ಸಾಪ್ ಸರೋವರ ಮೆಕಾಂಗ್ ನದಿಯ ನೆರೆಯಿಂದ ಬೇಸಿಗೆಯ 2,500 ಚದರ ಕಿಲೋಮೀಟರಿನಿಂದ ಸುಮಾರು 15,000 ಚದರ ಕಿಲೋಮೀಟರಿಗೆ ಹಿಗ್ಗುತ್ತದೆ. 2016ರ ಬರದಲ್ಲಿ ಅದರ ಸುತ್ತಲಿನ ಮುಳುಗುಕಾಡಿಗೆ ಬೆಂಕಿ ಬಿತ್ತು. ಆ ಬೆಂಕಿಯಲ್ಲಿ ಎಲ್ ನಿನೋ ಪಾಲೆಷ್ಟು, ಮೇಲಿನ ಅಣೆಕಟ್ಟುಗಳ ಪಾಲೆಷ್ಟು, ಕಾಡು ಕಡಿದು ಹೊಲ ಮಾಡಿದವರ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ, ಮತ್ತು ನನ್ನ ಅಭಿಪ್ರಾಯದಲ್ಲಿ ಆಡಳಿತದ ಮಟ್ಟಿಗೆ ಅಷ್ಟೇನೂ ಅಗತ್ಯವಿಲ್ಲದ ಕೆಲಸ. ಇವುಗಳಲ್ಲಿ ತಮ್ಮ ಕೈಯಲ್ಲಿರುವುದು ಯಾವುದು ಎಂಬುದು ತಮಗೆ ಗೊತ್ತಿದೆ. ಬರ ಹೆಚ್ಚುವ ಕಾಲದಲ್ಲಿ ಗೇಟಿನ ನಿಯಮ ಇನ್ನಷ್ಟು ಎಚ್ಚರದ್ದಾಗಿರಬೇಕು.

ಸಸಿ ನೆಡುವ ಕಾರ್ಯಕ್ರಮಗಳನ್ನು ಇದಕ್ಕೆ ಪರಿಹಾರವೆಂದು ತೋರಿಸಬೇಡಿ ಎಂದು ವಿನಂತಿಸುತ್ತೇನೆ. ಮಿಸಿಸಿಪ್ಪಿಯ ಮೆಕ್ಕಲು ಬಯಲಿನ ಸುಮಾರು 1 ಕೋಟಿ ಹೆಕ್ಟೇರ್ ಗಟ್ಟಿಮರದ ಕಾಡಿನಲ್ಲಿ ಇಂದು ಕಾಲುಭಾಗದಷ್ಟು ಉಳಿದಿದೆ, ಬಹುಪಾಲು ಹೊಲವಾಗಿದೆ. ಅಲ್ಲಿ 1990ರ ದಶಕದಿಂದ ಲಕ್ಷಾಂತರ ಎಕರೆಯಲ್ಲಿ ಮರಳಿ ಕಾಡು ಬೆಳೆಸಲು ನಡೆದ ಪ್ರಯತ್ನ ಗೌರವಕ್ಕೆ ಅರ್ಹವಾದದ್ದೇ. ಆದರೆ ಒಡ್ಡಿನ ಹಿಂದೆ, ನೆರೆ ತಲುಪದ ನೆಲದಲ್ಲಿ, ಒಂದೇ ವಯಸ್ಸಿನ ಓಕ್ ಸಸಿಗಳನ್ನು ಸಾಲಾಗಿ ನೆಟ್ಟರೆ ಅದು ಓಕ್ ತೋಪಾಗುತ್ತದೆ. ಹೂಳು ತಡೆಯುವ, ನೀರು ಸೋಸುವ, ಮೀನು ಮರಿಮಾಡುವ ನೆರೆ ಬಯಲಿನ ಕಾಡಾಗಲು ಅದಕ್ಕೆ ನದಿ ಬೇಕು.

ಆಗದ ಕೆಲಸವನ್ನು ಕೇಳುತ್ತಿದ್ದೇನೆಯೇ? ಅಲ್ಲ. ಅಮೆರಿಕದ ಟ್ರಕೀ ನದಿಯಲ್ಲಿ 1980ರ ದಶಕದಲ್ಲಿ ಅಳಿವಿನಂಚಿನ ಒಂದು ಮೀನು ಮೊಟ್ಟೆಯಿಡಲೆಂದು ವಸಂತದಲ್ಲಿ ನೀರು ಬಿಟ್ಟು ನಿಧಾನವಾಗಿ ಇಳಿಸಿದರು. 1987ರಲ್ಲಿ ಯಾರೂ ನೆಡದೆ ದಂಡೆಯುದ್ದಕ್ಕೂ ಕಾಟನ್‌ವುಡ್ ಮತ್ತು ವಿಲ್ಲೋ ಸಸಿಗಳು ಎದ್ದವು, ಮುಂದಿನ ವರ್ಷಗಳಲ್ಲಿ ಅವು ಮರಗಳಾಗಿ ಹಕ್ಕಿಗಳೂ ಮರಳಿದವು. ಆಲ್ಬರ್ಟಾದ ಓಲ್ಡ್‌ಮ್ಯಾನ್ ನದಿಯಲ್ಲಿ 1995ರ ಮಹಾನೆರೆಯ ಬಳಿಕ ಗೇಟನ್ನು ಹಂತಹಂತವಾಗಿ ಇಳಿಸಿ ಅದೇ ಫಲ ಕಂಡರು, ನೀರಾವರಿ ನಿಲ್ಲಲಿಲ್ಲ. ಜರ್ಮನಿಯ ಎಲ್ಬ್ ನದಿಯ ಲೆಂಝನ್ ಬಳಿ ಹೊಸ ಒಡ್ಡನ್ನು ಹಿಂದಕ್ಕೆ ಕಟ್ಟಿ ಹಳೆಯದನ್ನು ಅಲ್ಲಲ್ಲಿ ಕಡಿದು 2009ರಲ್ಲಿ 420 ಹೆಕ್ಟೇರ್ ಬಯಲನ್ನು ನದಿಗೆ ಮರಳಿಸಿದರು, ಮುಂದೆ ಬಂದ ಪ್ರವಾಹಗಳಲ್ಲಿ ಅಲ್ಲಿನ ನೀರಿನ ಮಟ್ಟವೂ ತಗ್ಗಿತು. ಆಸ್ಟ್ರಿಯಾದ ಹೈನ್‌ಬುರ್ಗ್ ಬಳಿ 1984ರ ಡಿಸೆಂಬರಿನ ಚಳಿಯಲ್ಲಿ ಸಾವಿರಾರು ಜನ ಡ್ಯಾನ್ಯೂಬ್ ದಂಡೆಯ ಕಾಡಿನಲ್ಲಿ ಬೀಡುಬಿಟ್ಟು ಜಲವಿದ್ಯುತ್ ಕಟ್ಟೆಯನ್ನು ತಡೆದರು, 1996ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಇವುಗಳಲ್ಲಿ ಕೊನೆಯದು ಜನರ ಹೋರಾಟ. ಮೊದಲಿನ ಮೂರೂ ತಮ್ಮಂಥ ಅಧಿಕಾರಿಗಳೇ ಕೂತು ಮಾಡಿದ ತೀರ್ಮಾನಗಳು.

ಆದ್ದರಿಂದ ನನ್ನ ಬೇಡಿಕೆಗಳು ಇಷ್ಟು. ಮುಂದಿನ ಪರಿಷ್ಕರಣೆಯಲ್ಲಿ ಪ್ರತಿ ಅಣೆಕಟ್ಟೆಯ ನಿಯಮಾವಳಿಗೆ ಕನಿಷ್ಠ ಹರಿವಿನ ಜೊತೆಗೆ ನೆರೆ ಬಿಡುವ ತಿಂಗಳನ್ನೂ, ನೀರು ಇಳಿಸುವ ದಿನದ ಮಿತಿಯನ್ನೂ, ತಗ್ಗಿನ ಕಾಡಿಗೆ ಬೇಕಾದ ಒಣ ದಿನಗಳನ್ನೂ, ಅಲ್ಲಿನ ಮರಗಳ ಬೀಜ ಉದುರುವ ಕಾಲವನ್ನು ಆಧರಿಸಿ ಬರೆಯಿರಿ. ಪ್ರತಿ ವರ್ಷವೂ ಇದು ಬೇಕಿಲ್ಲ. ಕಾಟನ್‌ವುಡ್‌ನಂಥ ಮರಗಳು ಸಹಜ ನದಿಗಳಲ್ಲಿಯೂ ಐದು ಹತ್ತು ವರ್ಷಗಳಿಗೊಮ್ಮೆ ಮಾತ್ರ ದೊಡ್ಡ ಪ್ರಮಾಣದಲ್ಲಿ ಹುಟ್ಟುತ್ತವೆ, ಮಳೆ ಚೆನ್ನಾಗಿ ಬಂದು ಜಲಾಶಯ ತುಂಬಿ ಹೇಗೂ ನೀರು ಬಿಡಲೇಬೇಕಾದ ವರ್ಷಗಳನ್ನು ಇದಕ್ಕೆ ಬಳಸಿಕೊಂಡರೆ ನೀರಾವರಿಯವರ ಮತ್ತು ವಿದ್ಯುತ್ತಿನವರ ಪಾಲಿಗೆ ದೊಡ್ಡ ಕೊರತೆ ಬೀಳದು. ಹಳೆಯ ಒಡ್ಡುಗಳ ದುರಸ್ತಿಗೆ ಹಣ ಮಂಜೂರಾಗುವ ಮುನ್ನ, ಅದನ್ನು ಹಿಂದಕ್ಕೆ ಸರಿಸಲು ಜಾಗವಿದೆಯೇ ಎಂಬ ಪರಿಶೀಲನೆಯನ್ನು ಕಡ್ಡಾಯ ಮಾಡಿ. ಹಿಂದಕ್ಕೆ ಸರಿಸಿದರೆ ಹೊಲ ಕಳೆದುಕೊಳ್ಳುವ ರೈತರಿಗೆ ಭೂಮಿಯ ಪೂರ್ಣ ಬೆಲೆ ಸಿಗಬೇಕು. ಕಾಡಿನ ಹೆಸರಿನಲ್ಲಿ ಅವರನ್ನು ಬೀದಿಗೆ ತಳ್ಳುವ ಯೋಜನೆಯನ್ನು ನಾನು ಬೆಂಬಲಿಸಲಾರೆ. ನದಿಯ ತಳ ವರ್ಷದಿಂದ ವರ್ಷಕ್ಕೆ ಎಷ್ಟು ಇಳಿಯುತ್ತಿದೆ ಎಂಬ ಅಳತೆ ಇಲ್ಲದೆ ಮರಳು ಎತ್ತಲು ಪರವಾನಗಿ ಕೊಡಬೇಡಿ.

ಕೊನೆಯದಾಗಿ ಅರಣ್ಯ ಇಲಾಖೆಗಳಲ್ಲಿ ಒಂದು ಮನವಿ. ನೆರೆ ಬಯಲಿನ ಕಾಡಿನ ವಾರ್ಷಿಕ ವರದಿಯಲ್ಲಿ ವಿಸ್ತೀರ್ಣದ ಅಂಕಣದ ಪಕ್ಕದಲ್ಲಿ ಇನ್ನೊಂದು ಅಂಕಣ ಹಾಕಿ: ಕಳೆದ ಹತ್ತು ವರ್ಷಗಳಲ್ಲಿ ತಾನಾಗಿ ಹುಟ್ಟಿ ಉಳಿದ ಮರಗಳೆಷ್ಟು, ಯಾವ ಜಾತಿಯವು, ಯಾವ ದಂಡೆಯಲ್ಲಿ. ಆ ಅಂಕಣದಲ್ಲಿ ಸತತವಾಗಿ ಸೊನ್ನೆ ಬರುತ್ತಿದ್ದರೆ ಅದರ ಪ್ರತಿಯನ್ನು ಅಣೆಕಟ್ಟೆಯ ಕಚೇರಿಗೆ ಕಳುಹಿಸಿ, ಅಲ್ಲಿಂದ ಲಿಖಿತ ಉತ್ತರ ಪಡೆದು, ಎರಡನ್ನೂ ಸಾರ್ವಜನಿಕರು ನೋಡುವಂತೆ ಪ್ರಕಟಿಸಿ.

ಇಂತಿ ತಮ್ಮ ವಿಶ್ವಾಸಿ,
ನದಿ ಬಯಲುಗಳ ಕಾಡಿನ ಬಗ್ಗೆ ಕಾಳಜಿಯುಳ್ಳ ಒಬ್ಬ ನಾಗರಿಕ